ಮಗನ ಮಾತಿಗೆ ಕನ್ನಡ ಅಡ್ಡಿಯಾಗಲಿಲ್ಲ

ಡೊಂಬಿವಲಿಯ ನಮ್ಮ ಮನೆಯ ಸುತ್ತ ದಿನಕ್ಕೆ ನಾಲ್ಕು ಭಾಷೆ ಓಡಾಡುತ್ತವೆ. ಮನೆಯೊಳಗೆ ಕನ್ನಡ, ಮಗನನ್ನು ನೋಡಿಕೊಳ್ಳುವ ಮೌಶಿಯದು ಮರಾಠಿ, ಸೊಸೈಟಿಯ ಅಂಗಳದಲ್ಲಿ ಹಿಂದಿ, ಪ್ಲೇ ಸ್ಕೂಲ್‌ನಲ್ಲಿ ಇಂಗ್ಲಿಷ್. ಎರಡು ವರ್ಷ ತುಂಬಿದಾಗ ಮಗನ ಬಾಯಲ್ಲಿದ್ದದ್ದು ಐದಾರು ಪದ. "ಗಂಡು ಮಕ್ಕಳು ತಡವಾಗಿಯೇ ಮಾತಾಡೋದು" ಎಂದು ಎಲ್ಲರೂ ಹೇಳಿದರು. ನಮಗೂ ಅನುಕೂಲವಾದ ಮಾತು ಅದು, ನಂಬಿದರೆ ಏನೂ ಮಾಡಬೇಕಾಗಿರಲಿಲ್ಲ. ಆರು ತಿಂಗಳು ನಂಬಿದೆವು.

ನಂಬಿಕೆ ಮುರಿದದ್ದು ಪ್ಲೇ ಸ್ಕೂಲ್‌ನಿಂದ ಕರೆ ಬಂದ ದಿನ. ನಾನು ಐರೋಲಿಯ ಆಫೀಸಿನಿಂದ, ಹೆಂಡತಿ ಥಾಣೆಯ ಬ್ಯಾಂಕಿನಿಂದ ಓಡಿದೆವು. ಹೆಸರು ಕರೆದರೆ ತಿರುಗುವುದಿಲ್ಲ, ಮಕ್ಕಳ ಜೊತೆ ಕೂರುವುದಿಲ್ಲ, ಇಡೀ ದಿನ ಆಟಿಕೆ ಕಾರಿನ ಚಕ್ರ ತಿರುಗಿಸುತ್ತಾನೆ ಎಂದರು. ಕೊನೆಗೆ ಎರಡು ಸಲಹೆ: ಮುಂದಿನ ತಿಂಗಳಿಂದ ಬೇರೆ ಶಾಲೆ ನೋಡಿಕೊಳ್ಳಿ, ಮನೆಯಲ್ಲಿ ಇನ್ನು ಇಂಗ್ಲಿಷ್ ಮಾತ್ರ ಮಾತಾಡಿ.

ಎಂಟೆಕ್ ಮಾಡಿದ ನಾನು ಎರಡನೆಯ ಸಲಹೆಯನ್ನು ಪ್ರಶ್ನಿಸದೆ ಒಪ್ಪಿಕೊಂಡೆ. ಅಂದು ರಾತ್ರಿಯಿಂದಲೇ "ಬಾ ಪುಟ್ಟ, ಉಣ್ಣು" ಹೋಗಿ "ಕಮ್, ಈಟ್" ಬಂತು. ಆ ಹೊತ್ತಿಗೇ ಧಾರವಾಡದಿಂದ ಅವ್ವ ಬಂದಿದ್ದಳು. ನಾಲ್ಕು ದಿನ ಸುಮ್ಮನಿದ್ದು, ಐದನೆಯ ದಿನ ಅಡುಗೆಮನೆಯಲ್ಲಿ ಕೇಳಿದಳು: "ನನಗ ಇಂಗ್ಲಿಷ್ ಬರೂದಿಲ್ಲ, ಅವನ ಮುಂದ ಕನ್ನಡ ಮಾತಾಡಬ್ಯಾಡ ಅಂತಿ. ಹಂಗಾದ್ರ ನಾ ಅವನ ಕೂಡ ಏನ್ ಮಾತಾಡ್ಲೋ?" ನನ್ನ ಬಳಿ ಉತ್ತರ ಇರಲಿಲ್ಲ. ಮೊದಲೇ ಮಾತಿಲ್ಲದ ಮಗುವಿನ ಮನೆಯಲ್ಲಿ ದೊಡ್ಡವರ ಮಾತೂ ಕಡಿಮೆಯಾಗಿತ್ತು.

ಮಕ್ಕಳ ವೈದ್ಯರು ಮೊದಲು ಹೇಳಿದ್ದು ಕಿವಿ ಪರೀಕ್ಷೆ. ಮಾತು ತಡವಾದ ಯಾವ ಮಗುವಿಗೂ ಮೊದಲ ಹೆಜ್ಜೆ ಅದೇ. ಮಗು ನಿದ್ದೆಯಲ್ಲಿದ್ದಾಗ ತಲೆಗೆ ಪುಟ್ಟ ವೈರುಗಳನ್ನು ಅಂಟಿಸಿ ಮಾಡುವ ಬೆರಾ ಪರೀಕ್ಷೆ ಅದು. ಕಿವಿ ಸರಿಯಿತ್ತು. ನಂತರ ಮಕ್ಕಳ ಬೆಳವಣಿಗೆಯ ತಜ್ಞರು ಎರಡು ಗಂಟೆ ಅವನೊಂದಿಗೆ ಆಡಿ, ನಮ್ಮನ್ನು ನೂರು ಪ್ರಶ್ನೆ ಕೇಳಿ, ಮಾತು ಮತ್ತು ಬೆರೆಯುವಿಕೆಯಲ್ಲಿ ವಿಳಂಬವಿದೆ ಎಂದು ಬರೆದರು. "ಇದಕ್ಕೆ ಏನು ಹೆಸರು?" ಎಂದೆ. "ಹೆಸರಿಗೆ ಕಾಯಬೇಡಿ, ಥೆರಪಿ ನಾಳೆಯೇ ಶುರು ಮಾಡಿ" ಎಂದರು.

ಸ್ಪೀಚ್ ಥೆರಪಿಸ್ಟ್ ಕೇಳಿದ ಮೊದಲ ಪ್ರಶ್ನೆ, "ನಿಮಗೆ ಸಿಟ್ಟು ಬಂದಾಗ ಯಾವ ಭಾಷೆ ಬರುತ್ತದೆ?" "ಕನ್ನಡ" ಎಂದೆವು. "ಹಾಗಾದರೆ ಅದನ್ನೇ ಮಾತಾಡಿ" ಎಂದರು ಆ ಮರಾಠಿ ಹೆಣ್ಣುಮಗಳು. ಎರಡು-ಮೂರು ಭಾಷೆ ಕೇಳುವುದರಿಂದ ಬೆಳವಣಿಗೆಯ ವಿಳಂಬ ಬರುವುದಿಲ್ಲ, ಇರುವ ವಿಳಂಬ ಒಂದು ಭಾಷೆ ಬಿಟ್ಟರೆ ಹೋಗುವುದೂ ಇಲ್ಲ. ತಂದೆ-ತಾಯಿ ತಡವರಿಸದೆ ಆಡುವ, ಹಾಡುವ, ಕತೆ ಹೇಳುವ ಭಾಷೆಯಲ್ಲೇ ಮಗುವಿಗೆ ಹೆಚ್ಚು ಮಾತು ಸಿಗುತ್ತದೆ ಎಂದು ತಿಳಿಸಿದರು. ಮನೆಗೆ ಬಂದು ಅವ್ವನಿಗೆ ಹೇಳಿದಾಗ ಅವಳು ಏನೂ ಅನ್ನದೆ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಇನ್ನು ಶಾಲೆ. ನಾನು ಎಕ್ಸೆಲ್ ಶೀಟ್ ಮಾಡಿಕೊಂಡೆ. ಥಾಣೆಯಿಂದ ಕಲ್ಯಾಣ್‌ವರೆಗೆ ಹನ್ನೊಂದು ಪ್ರೀಸ್ಕೂಲ್, ಶನಿವಾರಕ್ಕೆ ಎರಡರಂತೆ. ಒಂದು ಕಡೆ ಬಾಗಿಲಲ್ಲೇ 'ಇನ್‌ಕ್ಲೂಸಿವ್' ಎಂಬ ಬೋರ್ಡಿತ್ತು, ಒಳಗೆ ವಿಶೇಷ ಶಿಕ್ಷಕಿ ಇರಲಿಲ್ಲ. ಇನ್ನೊಂದು ಕಡೆ ಬಣ್ಣದ ದೀಪಗಳ ಸೆನ್ಸರಿ ಕೋಣೆ ತೋರಿಸಿದರು, ಮಗುವನ್ನು ಮಾತ್ರ ಯಾರೂ ನೋಡಲಿಲ್ಲ. ಮತ್ತೊಂದರಲ್ಲಿ ನಮ್ಮದೇ ಖರ್ಚಿನಲ್ಲಿ ಶ್ಯಾಡೋ ಟೀಚರ್ ತಂದರೆ ಸೀಟು ಎಂದರು.

ಕೊನೆಗೆ ಸಿಕ್ಕಿದ್ದು ಡೊಂಬಿವಲಿ ಪೂರ್ವದ ಒಂದು ಸಣ್ಣ ಮರಾಠಿ ಬಾಲವಾಡಿ. ಹದಿನಾಲ್ಕು ಮಕ್ಕಳು, ಒಬ್ಬ ಬಾಯಿ, ಒಬ್ಬ ಸಹಾಯಕಿ. ಆ ಬಾಯಿ ಕೇಳಿದ್ದು ಒಂದೇ: "ಇವನಿಗೆ ಏನು ಇಷ್ಟ?" ರೈಲು ಎಂದೆವು. ಮೊದಲ ವಾರ ಮಕ್ಕಳೆಲ್ಲ ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಾಟ ಆಡಿದರು. ಹನ್ನೆರಡು ಮಕ್ಕಳ ಹಿಂದೆ ನನ್ನ ಮಗ ಕೊನೆಯ ಡಬ್ಬಿ. ಬೇರೆ ಮಗುವನ್ನು ಅವನು ತಾನಾಗಿ ಮುಟ್ಟಿದ್ದು ನಾವು ನೋಡಿದ್ದು ಅದೇ ಮೊದಲು. ಈಗ ಬೆಳಿಗ್ಗೆ ಎರಡು ಗಂಟೆ ಬಾಲವಾಡಿ, ವಾರಕ್ಕೆ ಮೂರು ದಿನ ಥೆರಪಿ. ಅಲ್ಲಿ ಕಲಿಸಿದ್ದನ್ನೇ ಮನೆಯಲ್ಲಿ ಊಟ, ಸ್ನಾನದ ಹೊತ್ತಿಗೆ ನಾವು ಮಾಡಿಸುತ್ತೇವೆ.

ಈ ಭಾಗದಲ್ಲಿರುವ ಕನ್ನಡಿಗರಿಗೆ ನಾನು ತಡವಾಗಿ ತಿಳಿದುಕೊಂಡ ಕೆಲವು ಸಂಗತಿ ಹೇಳಬೇಕು. ವಾಶಿಯಲ್ಲಿ ನವಿ ಮುಂಬಯಿ ಮಹಾನಗರ ಪಾಲಿಕೆ ವಿಶೇಷ ಮಕ್ಕಳಿಗಾಗಿಯೇ ನಡೆಸುವ ಇಟಿಸಿ ಕೇಂದ್ರವಿದೆ. ಖಾರ್ಘರ್‌ನಲ್ಲಿ ಸಿಕಂದರಾಬಾದಿನ ಎನ್‌ಐಇಪಿಐಡಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ 2021ರ ಜೂನ್‌ನಿಂದ ಆರು ವರ್ಷದೊಳಗಿನ ಮಕ್ಕಳಿಗೆ ಒಂದೇ ಸೂರಿನಡಿ ಪರೀಕ್ಷೆ, ಥೆರಪಿ ಕೊಡುವ ಕೇಂದ್ರವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆಯ ವಿಳಂಬದ ತಪಾಸಣೆಯೂ ಸೇರಿದೆ. ಊರಿಗೆ ಹೋದಾಗ ಕನ್ನಡದಲ್ಲೇ ಪರೀಕ್ಷೆ ಮಾಡಿಸಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿನ ಪ್ರೀಸ್ಕೂಲ್‌ನಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ.

ಖಾಸಗಿಯಾಗಿ ಹೋಗುವುದಾದರೆ ಸ್ಪೀಚ್ ಥೆರಪಿಸ್ಟ್ ಮತ್ತು ವಿಶೇಷ ಶಿಕ್ಷಕರ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಕೇಳುವುದು ಅವಮಾನವಲ್ಲ. ಥೆರಪಿ ಕೋಣೆಯೊಳಗೆ ಏನು ನಡೆಯುತ್ತದೆಂದು ತೋರಿಸಲು ಒಪ್ಪದ ಕಡೆ ಹಣ ಕಟ್ಟಬೇಡಿ. ಶಾಲೆಯಲ್ಲಿ ಸೌಲಭ್ಯ ಕೇಳುವ ಮೊದಲು ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕಿಯರು, ಅವನು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ ಎಂದು ಕೇಳಿ.

ಕಾನೂನಿನಲ್ಲೂ ಒಂದು ಕೊರತೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯವಿರುವ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಇರುವುದು 6ರಿಂದ 18 ವರ್ಷದವರೆಗೆ. ನೆರವು ಹೆಚ್ಚು ಫಲ ಕೊಡುವ ಮೊದಲ ವರ್ಷಗಳು ಅದರ ಹೊರಗೆ ಉಳಿಯುತ್ತವೆ. ಆ ವರ್ಷಗಳಲ್ಲಿ ಮಗುವಿಗೆ ಏನು ಸಿಗುತ್ತದೆ ಎನ್ನುವುದು ತಂದೆ-ತಾಯಿಯ ಜೇಬು ಮತ್ತು ಬಿಡುವಿನ ಮೇಲೆ ನಿಂತಿದೆ. ನಮಗೆ ಸಂಬಳವಿತ್ತು, ಮನೆಯಿಂದ ಕೆಲಸ ಮಾಡಲು ವಾರಕ್ಕೆ ಎರಡು ದಿನ ಅವಕಾಶವಿತ್ತು. ಮಗನ ಥೆರಪಿ ಕೋಣೆಯ ಹೊರಗೆ ಪಕ್ಕದಲ್ಲಿ ಕೂರುತ್ತಿದ್ದ ರಿಕ್ಷಾ ಚಾಲಕರು ಎರಡನೇ ತಿಂಗಳಿಗೆ ಬರುವುದನ್ನು ನಿಲ್ಲಿಸಿದರು. ಅವರ ಮಗಳು ಈಗ ಎಲ್ಲಿದ್ದಾಳೋ.

ಮಗನಿಗೆ ಈಗ ನಾಲ್ಕು ವರ್ಷ. ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಜನ ತುಂಬಿದ ಕಡೆ ಇವತ್ತಿಗೂ ಕಿವಿ ಮುಚ್ಚಿಕೊಳ್ಳುತ್ತಾನೆ. ಆದರೆ ಎರಡು-ಮೂರು ಪದ ಜೋಡಿಸುತ್ತಾನೆ, ಬಾಲವಾಡಿಯದು ಮರಾಠಿಯಲ್ಲಿ, ಮನೆಯದು ಕನ್ನಡದಲ್ಲಿ. ಯಾವುದನ್ನು ಯಾರೊಂದಿಗೆ ಆಡಬೇಕೆಂದು ಅವನಿಗೆ ಗೊತ್ತು, ನಾವು ಹೇಳಿಕೊಟ್ಟಿಲ್ಲ.

ರಾತ್ರಿ ಎಂಟೂವರೆಗೆ ಅವ್ವನ ಫೋನು ಬರುತ್ತದೆ. "ಏನ್ ಉಂಡಿ?" ಎನ್ನುತ್ತಾಳೆ. ತಿಂಗಳುಗಟ್ಟಲೆ ಆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದದ್ದು ನಾವು. ಕಳೆದ ವಾರ ಅವನೇ ಫೋನ್ ಕಿತ್ತುಕೊಂಡು, "ಅಜ್ಜಿ, ರೊಟ್ಟಿ ಉಂಡೆ" ಎಂದ. ಅವತ್ತು ನಾವು ಮಾಡಿದ್ದು ಅನ್ನ-ಸಾರು. ಅವ್ವ ಅದನ್ನು ನಂಬಿದಳು, ನಾವೂ ತಿದ್ದಲು ಹೋಗಲಿಲ್ಲ.