ಪ್ಲೇಗು ಬಂದಾಗ ಊರು ಬಿಟ್ಟವರೇ ಜಾಣರು

ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಕನ್ನಡ ನಾಡಿನ ನಗರಗಳನ್ನು ನಡುಗಿಸಿದ ಪಿಡುಗು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ರೈಲು ಮಾರ್ಗಗುಂಟ ಸಾಗಿ ಹುಬ್ಬಳ್ಳಿಯನ್ನೂ, 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನೂ ಮುಟ್ಟಿತು.

ಕಾಯ್ದೆಯ ಬಲ

ಇದನ್ನು ತಡೆಯಲೆಂದೇ ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ರೈಲು ಪ್ರಯಾಣಿಕರ ತಪಾಸಣೆ, ಮನೆಗಳ ಶೋಧ, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೂ ಸಾಗಿಸುವುದು, ಇವೆಲ್ಲ ಅಧಿಕಾರಿಗಳ ಕೈಗೆ ಬಂದವು. ಜನ ಹೆದರಿ ರೋಗಿಗಳನ್ನೇ ಬಚ್ಚಿಟ್ಟರು. ಪುಣೆಯಲ್ಲಿ ಆಕ್ರೋಶ ಮಿತಿಮೀರಿ, 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದರು.

ಇಲಿಯ ಮೈಮೇಲಿನ ಚಿಗಟ

ರೋಗಾಣುವನ್ನು 1894ರಲ್ಲೇ ಹಾಂಕಾಂಗ್‌ನಲ್ಲಿ ಗುರುತಿಸಲಾಗಿತ್ತು. ಆದರೆ ಅದು ಹರಡುವ ಬಗೆ ತಿಳಿದಿರಲಿಲ್ಲ. ಕೊಳೆಯೇ ಕಾರಣವೆಂದು ಬಗೆದು ನೆಲ, ಗೋಡೆಗಳಿಗೆ ಔಷಧ ಸಿಂಪಡಿಸಲಾಯಿತು. 1898ರಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್, ರೋಗವನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದರು. ಇಲಿ ಸತ್ತೊಡನೆ ಹಸಿದ ಚಿಗಟ ಮನುಷ್ಯನತ್ತ ಹಾರುತ್ತದೆ. ವಿಜ್ಞಾನಿಗಳು ಇದನ್ನು ಪೂರ್ಣವಾಗಿ ಒಪ್ಪಲು 1905ರ ನಂತರ ಮುಂಬಯಿಯಲ್ಲಿ ನಡೆದ ಸಂಶೋಧನೆಗಳೇ ಬೇಕಾದವು.

ನಮ್ಮ ಹಳ್ಳಿಗರು ಮಾತ್ರ ಮನೆಯಲ್ಲಿ ಇಲಿ ಸತ್ತು ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಚಿಗಟದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಆದರೂ ಇಲಿಯಿಂದ ದೂರ ಸರಿಯುವ ಈ ರೂಢಿಯೇ ಶಾಸ್ತ್ರೀಯವಾಗಿ ಸರಿಯಾದ ಉಪಾಯವಾಗಿತ್ತು.

ಉಳಿದ ಗುರುತುಗಳು

ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಲಾಯಿತು. ಬೆಂಗಳೂರಿನಲ್ಲಿ ಪೇಟೆಯ ಇಕ್ಕಟ್ಟಿಗೆ ಪರಿಹಾರವಾಗಿ ಗಾಳಿ, ಬೆಳಕುಗಳಿಗೆ ಎಡೆಯಿರುವ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. 1900ರ ಡಿಸೆಂಬರ್‌ನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆರಂಭವಾಯಿತು. ಪ್ಲೇಗಮ್ಮನ ಗುಡಿಗಳೂ ತಲೆಯೆತ್ತಿದವು.

2020ರಲ್ಲಿ ಕೊರೊನಾ ಬಂದಾಗಲೂ ಸರ್ಕಾರಗಳು ಮೊದಲು ಮೊರೆಹೋದದ್ದು 1897ರ ಆ ಕಾಯ್ದೆಗೇ. ರೋಗಿಯನ್ನು ಅಪರಾಧಿಯಂತೆ ಕಂಡರೆ ಆತ ಅಡಗಿಕೊಳ್ಳುತ್ತಾನೆ, ಅವನೊಂದಿಗೆ ರೋಗವೂ ಅಡಗುತ್ತದೆ. ಶತಮಾನದ ಹಿಂದೆ ಪ್ಲೇಗು ಹೇಳಿಹೋದ ಈ ಮಾತನ್ನು ಮುಂದಿನ ಪಿಡುಗು ಬರುವ ಮುನ್ನವೇ ನೆನೆಯುವುದು ಒಳಿತು.