ಸಾಫ್ಟ್‌ವೇರ್ ಇದೆ, ವಿಂಡೋಸ್‌ಗೆ ದಾರಿ ಗೊತ್ತಿಲ್ಲ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಂತಾ, ಇಲ್ವಾ? ಸಿಂಧನೂರು, ಮಸ್ಕಿ ಕಡೆಯವರಿಗೆ ಈ ಜಗಳ ಹೊಸದಲ್ಲ. ಸ್ವಲ್ಪ ಮಟ್ಟಿನ ಉತ್ತರ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಸಿಗುತ್ತೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ತೆಗೆಯೋ ಚಿತ್ರಗಳು ಎಲ್ಲರಿಗೂ ಉಚಿತ. ಒಂದು ಪಿಕ್ಸೆಲ್ ಅಂದ್ರೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಎಕರೆಗೆ ಸುಮಾರು 40 ಪಿಕ್ಸೆಲ್.

ಈ ಚಿತ್ರ ಓದೋಕೆ ಜಿಡಾಲ್ (ಜಿ-ಡಿ-ಎ-ಎಲ್) ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಬಟನ್ ಇಲ್ಲ, ಮೆನು ಇಲ್ಲ, ಕಮಾಂಡ್ ಟೈಪ್ ಮಾಡ್ಬೇಕು. ವಿಂಡೋಸ್‌ನಲ್ಲಿ ಓಎಸ್‌ಜಿಯೋ4ಡಬ್ಲ್ಯೂ ಇನ್‌ಸ್ಟಾಲರ್ ತೆರೆದು, ಎಕ್ಸ್‌ಪ್ರೆಸ್ ಇನ್‌ಸ್ಟಾಲ್‌ನಲ್ಲಿ ಜಿಡಾಲ್‌ಗೆ ಟಿಕ್ ಹಾಕಿದ್ರೆ ಸಾಕು.

ಆಮೇಲೆ ಎಷ್ಟೋ ಜನ ಮಾಮೂಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಜಿಡಾಲ್‌ಇನ್ಫೋ' ಅಂತ ಹೊಡೀತಾರೆ. ಇಂಥ ಕಮಾಂಡೇ ಇಲ್ಲ ಅನ್ನೋ ಹಾಗೆ ಎರರ್ ಬರುತ್ತೆ. ಅನ್‌ಇನ್‌ಸ್ಟಾಲ್, ಮತ್ತೆ ಡೌನ್‌ಲೋಡ್, ಡೇಟಾ ಖಾಲಿ!

ಅದೇನೂ ಬೇಡ. ಸಾಫ್ಟ್‌ವೇರ್ ಡಿಸ್ಕ್‌ನಲ್ಲೇ ಇದೆ. ವಿಂಡೋಸ್ ಎಲ್ಲಾ ಫೋಲ್ಡರ್ ಹುಡುಕಲ್ಲ. ಈಗ ನಾವಿರೋ ಫೋಲ್ಡರ್ ಬಿಟ್ರೆ, 'ಪಾತ್' ಅನ್ನೋ ಪಟ್ಟಿಯಲ್ಲಿರೋ ಫೋಲ್ಡರ್‌ಗಳನ್ನ ಮಾತ್ರ ಸಾಲಾಗಿ ನೋಡುತ್ತೆ. ಊರಿಗೆ ಹೋಗಿ "ಬಸವರಾಜಪ್ಪೋರ ಮನಿ ಎಲ್ರೀ?" ಅಂತ ಕೇಳಿದ ಹಾಗೆ. ಓಣಿ ಹೇಳದಿದ್ರೆ ಮೊದಲು ಸಿಕ್ಕ ಬಸವರಾಜಪ್ಪನೇ ಗತಿ. ಎರಡು ಪೈಥಾನ್ ಇರೋ ಲ್ಯಾಪ್‌ಟಾಪ್‌ನಲ್ಲಿ ಆಗೋದೂ ಇದೇ. 'ವೇರ್' ಕಮಾಂಡ್ ಜೊತೆ ಹೆಸರು ಕೊಟ್ರೆ ಯಾವ ಫೋಲ್ಡರ್‌ನದ್ದು ಸಿಗ್ತಿದೆ ಅಂತ ತಿಳಿಯುತ್ತೆ.

ಪಾತ್‌ಗೆ ಕೈ ಹಾಕೋ ಬದಲು ಸ್ಟಾರ್ಟ್ ಮೆನುವಿನ 'ಓಎಸ್‌ಜಿಯೋ4ಡಬ್ಲ್ಯೂ ಶೆಲ್' ತೆರೀರಿ. ಅದು ದಾರಿಯನ್ನ ತಾನೇ ಹೊಂದಿಸುತ್ತೆ. ಚಿತ್ರಗಳನ್ನ ಸಿ ಡ್ರೈವ್‌ನಲ್ಲಿ, ಸ್ಪೇಸ್ ಇಲ್ಲದ ಚಿಕ್ಕ ಇಂಗ್ಲಿಷ್ ಹೆಸರಿನ ಫೋಲ್ಡರ್‌ನಲ್ಲಿ ಇಡಿ. ಹೆಸರಲ್ಲಿ ಸ್ಪೇಸ್ ಇದ್ರೆ ಕಮಾಂಡ್ ಅದನ್ನ ಎರಡು ಹೆಸರು ಅಂತ ತಿಳ್ಕೊಳ್ಳುತ್ತೆ.

ಈಗ ನಮ್ಮ ಕಡೆಯ 10 ಮೀಟರ್ ಬ್ಯಾಂಡ್ ಒಂದಕ್ಕೆ ಜಿಡಾಲ್‌ಇನ್ಫೋ ಓಡಿಸಿ. ಸೈಜ್ 10980, 10980. ಯುಟಿಎಂ ವಲಯ 43 ಉತ್ತರ ಅಂತ ಬಂದ್ರೆ ಎಲ್ಲಾ ಸರಿಯಿದೆ.

ಹಸಿರು ಅಳೆಯೋಕೆ ಬ್ಯಾಂಡ್ 8ರಲ್ಲಿ ಬ್ಯಾಂಡ್ 4 ಕಳೆದು, ಎರಡರ ಮೊತ್ತದಿಂದ ಭಾಗಿಸ್ಬೇಕು. ಇದನ್ನ ಜಿಡಾಲ್ ಕ್ಯಾಲ್ಕ್ ಮಾಡುತ್ತೆ. 2022ರ ಜನವರಿ ಕೊನೆಯ ನಂತರದ ಚಿತ್ರವಾದ್ರೆ ಮೊದಲು ಎರಡರಲ್ಲೂ 1000 ಕಳೀರಿ. ಲೆಕ್ಕಕ್ಕೆ ಮುಂಚೆ ಬ್ಯಾಂಡ್‌ಗಳನ್ನ ದಶಮಾಂಶಕ್ಕೆ, ಅಂದ್ರೆ ಫ್ಲೋಟ್‌ಗೆ ಬದಲಿಸೋದು ಮರೀಬೇಡಿ. ಮೂಲ ಸಂಖ್ಯೆಗಳಿಗೆ ಮೈನಸ್ ಗೊತ್ತಿಲ್ಲ. ನಾಟಿಗೆ ನೀರು ನಿಲ್ಲಿಸಿದ ಗದ್ದೆಯಲ್ಲಿ ಉತ್ತರ ಮೈನಸ್ ಬರಬಹುದು. ಫ್ಲೋಟ್ ಇಲ್ಲದಿದ್ರೆ ಕಳೆಯೋ ಹಂತದಲ್ಲೇ ಅದು 65 ಸಾವಿರದ ಹತ್ತಿರ ಹಾರುತ್ತೆ. ಸಿಂಧನೂರಿನ ಭತ್ತದ ಗದ್ದೆಗೆ ಇದು ಸಣ್ಣ ತಪ್ಪಲ್ಲ.

ಉತ್ತರ ಕಡಿಮೆ ಬಂತು ಅಂತ ಕಾಲುವೆ ನೀರು ಬಂದಿಲ್ಲ ಅನ್ನೋಕಾಗಲ್ಲ. ಆಗಷ್ಟೇ ನಾಟಿ ಆಗಿರಬಹುದು, ಮೋಡ ಇರಬಹುದು. ಲಿಂಗಸುಗೂರಿನ ಮಳೆಯಾಶ್ರಿತ ತೊಗರಿ ಹೊಲವನ್ನ ಸಿಂಧನೂರಿನ ಗದ್ದೆ ಜೊತೆ ಹೋಲಿಸಿದ್ರೂ ಅರ್ಥವಿಲ್ಲ. ಒಂದೇ ಹೊಲದ ನಾಲ್ಕೈದು ದಿನಾಂಕಗಳ ಚಿತ್ರ ಇಟ್ಟು ನೋಡಿ. ಆಮೇಲೆ ಊರಿಗೆ ಫೋನ್ ಮಾಡಿ, ಅಲ್ಲಿ ಏನು ಹಾಕ್ಯಾರ, ನೀರು ಯಾವಾಗ ಬಂತು ಅಂತ ಕೇಳಿ. ಎರಡೂ ಕೂಡಿದ್ರೆ ಮಾತ್ರ ಅದು ಲೆಕ್ಕ.