ಅತಿಸಾರದ ನಿದಾನ: ಯಂತ್ರವೋ, ಅಗಾರೋ?

ಅತಿಸಾರ ರೋಗಿಯ ಮಲದಲ್ಲಿರುವ ರೋಗಾಣುವನ್ನು ಪಿಸಿಆರ್ ಯಂತ್ರವು ಕೆಲವೇ ಗಂಟೆಗಳಲ್ಲಿ ಹೆಸರಿಸಬಲ್ಲುದಾದರೆ, ರೋಗಾಣುವನ್ನು ಅಗಾರಿನ ತಟ್ಟೆಯಲ್ಲಿ ಬೆಳೆಸುತ್ತ ಎರಡು ಮೂರು ದಿನ ಕಾಯಿಸುವ ಕಲ್ಚರ್ ಪರೀಕ್ಷೆ ಇನ್ನೇಕೆ ಎಂದು ಗೌರಿಬಿದನೂರಿನ ಓದುಗರೊಬ್ಬರು ಕೇಳಿದ್ದಾರೆ.

1884ರಲ್ಲಿ ಕಲ್ಕತ್ತೆಯಲ್ಲಿ ರಾಬರ್ಟ್ ಕಾಕ್ ಕಾಲರಾದ ಅಲ್ಪವಿರಾಮಾಕಾರದ ದಂಡಾಣುವನ್ನು ಶುದ್ಧವಾಗಿ ಬೆಳೆಸಿದ ವಿದ್ಯೆಯೇ, ಇಂದು ಟಿಸಿಬಿಎಸ್ ಅಗಾರಿನ ಮೇಲೆ ಮಲದ ಮಾದರಿಯನ್ನು ಎಳೆದು ಮರುದಿನ ಹಳದಿ ಕಾಲೊನಿಗಳನ್ನು ಹುಡುಕುವ ತಂತ್ರಜ್ಞರ ಕೈಯಲ್ಲಿಯೂ ಉಳಿದಿದೆ. ಆದರೆ ಶಿಗೆಲ್ಲಾ ಎಂಬ ಸುಕುಮಾರವಾದ ರೋಗಾಣು, ಚಿಂತಾಮಣಿಯಲ್ಲಿ ತೆಗೆದ ಮಾದರಿಯನ್ನು ಸಾಗಣೆಗೆಂದೇ ಇರುವ ಕೇರಿ-ಬ್ಲೇರ್ ಮಾಧ್ಯಮದಲ್ಲಿರಿಸದೆ ಬೆಂಗಳೂರಿಗೆ ಕಳುಹಿಸಿದರೆ, ದಾರಿಯಲ್ಲಿಯೇ ಸಾಯಬಹುದು. ರೋಗಿಯು ಮೊದಲೇ ಆಂಟಿಬಯಾಟಿಕ್ ನುಂಗಿದ್ದರೆ ಫಲ ಶೂನ್ಯವಾಗಬಹುದು. ರೋಟಾವೈರಸ್ ಅಂತೂ ಅಗಾರಿನ ಮೇಲೆ ಬೆಳೆಯುವುದೇ ಇಲ್ಲ.

ಈ ನ್ಯೂನತೆಯನ್ನು ಕೇರಿ ಮಲ್ಲಿಸ್ 1983ರಲ್ಲಿ ಕಂಡುಕೊಂಡ ಪಿಸಿಆರ್ ಬಹುಮಟ್ಟಿಗೆ ನೀಗಿತು. ಕಲ್ಕತ್ತೆಯೂ ಸೇರಿದಂತೆ ಏಷ್ಯಾ-ಆಫ್ರಿಕಾಗಳ ಏಳು ಕೇಂದ್ರಗಳಲ್ಲಿ 2007ರಿಂದ 2011ರವರೆಗೆ ಸಂಗ್ರಹಿಸಿದ್ದ ಮಕ್ಕಳ ಮಲದ ಮಾದರಿಗಳನ್ನು ಈ ವಿಧಾನದಿಂದ ಪುನಃ ಪರೀಕ್ಷಿಸಿದಾಗ ಶಿಗೆಲ್ಲಾದ ಪಾಲು ಮೊದಲಿನ ಎಣಿಕೆಗಿಂತ ಸುಮಾರು ಇಮ್ಮಡಿಯೆಂದು 2016ರಲ್ಲಿ ಪ್ರಕಟವಾಯಿತು.

ಇಷ್ಟನ್ನು ಕೇಳಿ ಯಂತ್ರದ ಮಾರಾಟಗಾರರು ಹೊಗಳುವಂತೆ ಹೊಗಳತೊಡಗುವುದು ಅವಸರವಾದೀತು. ಕಣದಲ್ಲಿ ಬಿದ್ದ ಹೊಟ್ಟನ್ನು ಕಂಡು ಇಲ್ಲಿ ರಾಗಿ ಒಕ್ಕಿದ್ದರೆಂದು ರೈತನು ನಿಸ್ಸಂಶಯವಾಗಿ ನುಡಿಯಬಲ್ಲನು; ಆದರೆ ಆ ರಾಗಿ ಮೊಳೆಯುವುದೋ ಇಲ್ಲವೋ ಎಂಬುದಕ್ಕೆ ಕಾಳನ್ನೇ ಬಿತ್ತಿ ನೋಡತಕ್ಕದ್ದು. ಪಿಸಿಆರ್ ಯಂತ್ರವು ಹುಡುಕುವ ಡಿಎನ್‌ಎ ಹೊಟ್ಟಿನಂಥದು: ಸತ್ತ ರೋಗಾಣುವಿನದೂ ಉಳಿಯುತ್ತದೆ, ರೋಗವಿಲ್ಲದೆ ರೋಗಾಣುವನ್ನು ಮಾತ್ರ ಹೊತ್ತ ಆರೋಗ್ಯವಂತ ಶಿಶುವಿನ ಮಲದಲ್ಲಿಯೂ ಕಾಣುತ್ತದೆ. ಜೀವಂತ ರೋಗಾಣುವನ್ನು ಬೆಳೆಸಿ, ಔಷಧಿಯ ಬಿಲ್ಲೆಗಳ ನಡುವೆ ಇಟ್ಟಲ್ಲದೆ, ಯಾವ ಮದ್ದಿಗೆ ಅದು ಮಣಿಯುವುದೆಂದು ಪೂರ್ಣವಾಗಿ ತಿಳಿಯದು.

ನಿತ್ಯಪ್ರವಾಹದ ನದಿಯಿಲ್ಲದೆ ಕೊಳವೆಬಾವಿಗಳನ್ನೂ, ಹೆಬ್ಬಾಳ-ನಾಗವಾರ ಕಣಿವೆಯಿಂದ ಬರುವ ಸಂಸ್ಕರಿತ ನೀರು ತುಂಬುವ ಕೆರೆಗಳನ್ನೂ ನೆಚ್ಚಿರುವ ಚಿಕ್ಕಬಳ್ಳಾಪುರ ಜಿಲ್ಲೆಗೆ ಈ ಭೇದವು ಬರಿಯ ಪಾಂಡಿತ್ಯದ ಮಾತಲ್ಲ. ಶಿಡ್ಲಘಟ್ಟದ ಒಂದು ಬೀದಿಯಲ್ಲಿ ವಾಂತಿಭೇದಿ ಹಬ್ಬಿತೆನ್ನಿ; ಕ್ಲೋರಿನ್ ಬೆರೆಸಿದ ಮೇಲೂ ತೊಟ್ಟಿಯ ನೀರಿನಲ್ಲಿ ಸತ್ತ ರೋಗಾಣುಗಳ ಡಿಎನ್‌ಎ ಕಂಡು ಯಂತ್ರವು ಅಪಾಯವೆಂದು ಕೂಗಬಹುದು. ಕ್ಲೋರಿನ್ ತನ್ನ ಕೆಲಸವನ್ನು ಮಾಡಿತೇ ಎಂಬುದಕ್ಕೆ ಅಗಾರಿನ ತಟ್ಟೆಯೇ ಹೆಚ್ಚು ನಂಬತಕ್ಕ ಸಾಕ್ಷಿ.

ರೋಗಿಯ ಶುಶ್ರೂಷೆಯಂತೂ ಎರಡಕ್ಕೂ ಕಾಯಬೇಕಾದುದಿಲ್ಲ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬೀಸರು ಉಪ್ಪು-ಗ್ಲೂಕೋಸಿನ ದ್ರಾವಣವನ್ನು (ಓಆರ್‌ಎಸ್) ಕುಡಿಸಿಯೇ ಕಾಲರಾ ರೋಗಿಗಳ ಪ್ರಾಣವನ್ನುಳಿಸಿದರು. ಆದುದರಿಂದ ಓದುಗರಿಗೆ ನನ್ನ ಉತ್ತರವಿದು: ಓಆರ್‌ಎಸ್ ಕೂಡಲೇ ಕೊಡಲಿ, ಯಂತ್ರವಿರುವಲ್ಲಿ ಯಂತ್ರವು ಮೊದಲು ನುಡಿಯಲಿ, ಅದು ಕಾಲರಾ ಅಥವಾ ಶಿಗೆಲ್ಲಾ ಎಂದೊಡನೆ ಅದೇ ಮಾದರಿಯನ್ನು ತಪ್ಪದೆ ಕಲ್ಚರಿಗೆ ಹಾಕಲಿ.